ನಾಲ್ಕು ನಿಂಬೆಹಣ್ಣು, ಐವತ್ತೇಳು ಟನ್ನು

ಫೋನು ಬಂದಾಗ ನಾನು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದೆ. ಅವತ್ತು ಆಯುಧಪೂಜೆ. ಮಿಕ್ಸಿ, ಗ್ರೈಂಡರು, ಹೊಲಿಗೆ ಮಿಷನ್ನು, ಗರಾಜಿನ ಸ್ಕ್ರೂಡ್ರೈವರು ಎಲ್ಲಕ್ಕೂ ಬೆಳಿಗ್ಗೆಯೇ ಕುಂಕುಮ ಇಟ್ಟು ಹೂ ಏರಿಸಿದ್ದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟಬಾರದು ಅಂತ ನಮ್ಮಮ್ಮನ ಕಟ್ಟಳೆ. ಅದಕ್ಕೇ ಒಂದು ಚಾಕು ಮಾತ್ರ ಪೂಜೆಗಿಡದೆ ಉಳಿಸಿಕೊಂಡಿದ್ದೆ. ಹಿತ್ತಲಿನ ಗಿಡದ ಹಣ್ಣು. ಒಂದೊಂದನ್ನೂ ಎಂಟು ಹೋಳು ಮಾಡಿ, ಬೀಜ ತೆಗೆದು, ಕಲ್ಲುಪ್ಪಿನ ಜಾಡಿಗೆ ಹಾಕುತ್ತಿದ್ದೆ. ಕೈಯೆಲ್ಲ ರಸ, ಕಿರುಬೆರಳಿನಲ್ಲಿ ಸ್ಪೀಕರ್ ಒತ್ತಿದೆ.

“ಅಪ್ಪನ ಕೈ,” ಅಂದರು ನಮ್ಮ ಮನೆಯವರು. ಅವರ ಹಿಂದೆ ಯಾರೋ ಗಂಡಸು ಇಂಗ್ಲಿಷಿನಲ್ಲಿ ದೇವರನ್ನು ಕೂಗುತ್ತಾ ಅಳುತ್ತಿದ್ದ.

“ಯಾವ ಕೈರೀ?”

“ಬಲಗೈ. ಟ್ಯಾಂಕಿನ ಕೆಳಗೆ ಸಿಕ್ಕಿಹಾಕಿಕೊಂಡಿತು. ನಿಂಬೆಹಣ್ಣು ಇಡೋಕೆ ಹೋಗಿ.”

ಅಷ್ಟು ಹೇಳಿ ಇಟ್ಟುಬಿಟ್ಟರು. ನನ್ನ ಕೈಯಲ್ಲಿ ಅರ್ಧ ಹೆಚ್ಚಿದ ನಿಂಬೆಹಣ್ಣು ಹಾಗೇ ಇತ್ತು. ಆ ನಿಂಬೆಹಣ್ಣು ಕೊಟ್ಟು ಕಳಿಸಿದವಳು ನಾನೇ.

ಇದು ಮೂರು ವರ್ಷದ ಹಿಂದಿನ ಮಾತು. ಮೊನ್ನೆ ಶನಿವಾರ ಲಿವರ್‌ಮೋರ್ ದೇವಸ್ಥಾನದಿಂದ ಬರುವಾಗ, ಏನನ್ನಿಸಿತೋ ಏನೋ, ಫ್ರೀವೇ ಹತ್ತದೆ ದ್ರಾಕ್ಷಿ ತೋಟಗಳ ಕಡೆಗೆ ಕಾರು ತಿರುಗಿಸಿದೆ. ಆಮೇಲಿಂದ ಆ ವರ್ಷ ಮನಸ್ಸಿನಲ್ಲಿ ಎದ್ದು ಕೂತಿದೆ. ಬರೆದರೆ ಮಲಗೀತೇನೋ ಅಂತ ಬರೆಯುತ್ತಿದ್ದೇನೆ.

ನಮ್ಮ ಮಾವನವರು ಆ ವರ್ಷ ಮೇ ತಿಂಗಳಲ್ಲಿ ಆರು ತಿಂಗಳ ಮಟ್ಟಿಗೆ ಅಮೆರಿಕದ ಡಬ್ಲಿನ್ನಿನ ನಮ್ಮ ಮನೆಗೆ ಬಂದರು. ಅತ್ತೆ ಹೋಗಿ ಒಂದು ವರ್ಷವಾಗಿತ್ತು. ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ, ಅಲ್ಲಿ ಅವರಿಗೇನೂ ಕಡಿಮೆಯಿಲ್ಲ. ಮಿಲಿಟರಿಯಲ್ಲಿ ಟ್ಯಾಂಕು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಎತ್ತರದ ಆಳು, ಕೆಟ್ಟ ನಾಲಿಗೆ. ಸುಳ್ಳು ಹೇಳುವವರಲ್ಲ. ಎಂಥವರೂ ಸುಳ್ಳು ಹೇಳಿ ಇನ್ನೊಬ್ಬರ ಮನಸ್ಸು ಉಳಿಸುವ ಕಡೆ ಇವರು ನಿಜ ಹೇಳಿ ಮುಗಿಸಿಬಿಡುತ್ತಿದ್ದರು.

ಬಂದ ಎರಡನೇ ದಿನ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲು ನಿಲ್ಲಿಸಿದರು. ಸಾಸಿವೆ ಹುಡುಕುವಷ್ಟರಲ್ಲಿ ಒಗ್ಗರಣೆ ಸೀದುಹೋಯಿತು. ನಾನು ತುಮಕೂರಿನ ಕಡೆಯವಳು, ಜೋಳದ ರೊಟ್ಟಿ ಬಡಿಯುವುದು ಮದುವೆಯಾದ ಮೇಲೆ ಕಲಿತದ್ದು. ತಟ್ಟೆಗೆ ಹಾಕಿದರೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

“ವೀಣಾ, ಇದು ರೊಟ್ಟಿನೋ, ಹಪ್ಪಳನೋ?”

“ರೊಟ್ಟಿ ಮಾವ.”

“ಹೌದೇನು? ಹೇಳಿದ್ದು ಛೊಲೊ ಆತು.”

ನಮ್ಮ ಮಗಳು ಅನಘಾಗೆ ಆಗ ಹನ್ನೆರಡು. ಕನ್ನಡ ತಿಳಿಯುತ್ತದೆ, ಮಾತು ಬರುವುದು ಇಂಗ್ಲಿಷಿನಲ್ಲೇ. ಅಜ್ಜ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು ಅಂತ ಅವಳಿಗೆ ‘ಮೂಗಿ’ ಅಂತ ಹೆಸರಿಟ್ಟರು. “ಮೂಗಿ ಬಂದ್ಲು.” “ಮೂಗಿಗೆ ಹಾಲು ಕೊಡು.” ಅವಳ ಗೆಳತಿಯರ ಎದುರೂ ಹಾಗೇ. ಗೆಳತಿಯರಿಗೆ ಅರ್ಥವಾಗುತ್ತಿರಲಿಲ್ಲ, ಅವಳಿಗೆ ಆಗುತ್ತಿತ್ತಲ್ಲ. ನಮ್ಮ ಮನೆಯವರು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು, ದಿನವಿಡೀ ನಿಂತು ಕೆಲಸ. ಮನೆಗೆ ಬಂದು ಅಪ್ಪನ ಎದುರು ಕೂತರೆ ಅವರಿಗೂ ಹನ್ನೆರಡೇ ವರ್ಷ. ನಾನು ಬಟ್ಟೆ ಒಣಗಿಸುವ ಮಿಷನ್ನು ಹಾಕಿ ಅದರ ಸದ್ದಿನಲ್ಲಿ ಅತ್ತದ್ದುಂಟು.

ಸಣ್ಣ ಸಣ್ಣ ದಯೆಗಳನ್ನು ಬೆರಳಿನ ಗೆರೆಗಳ ಮೇಲೆ ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಜಪ ಎಣಿಸಿದ ಹಾಗೆ. ಇವತ್ತು ಹಾಲು ಉಕ್ಕಲಿಲ್ಲ, ಒಂದು. ಮಗಳು ನಕ್ಕಳು, ಎರಡು. ಮೇ ತಿಂಗಳು ಪೂರ್ತಿ ಒಂದು ಬೆರಳು ದಾಟುವುದೇ ಕಷ್ಟವಾಗಿತ್ತು.

ಜೂನಿನಲ್ಲಿ ದೊಡ್ಡ ದಯೆಯೊಂದು ಸಿಕ್ಕಿತು ಅಂದುಕೊಂಡೆ. ಲಿವರ್‌ಮೋರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪ್ರತಿ ಭಾನುವಾರ ಒಬ್ಬ ಬಿಳಿಯ ಮುದುಕ ಪುಳಿಯೋಗರೆ ತಿನ್ನಲು ಬರುತ್ತಿದ್ದ. ಹೆಸರು ಡೇಲ್. ಮಾವ ಅವನ ಕೈ ನೋಡಿದರು. ಉಗುರಿನ ಸಂದಿಯ ಕಪ್ಪು ನೋಡಿ, ನೇರ ಅವನ ಮೇಜಿಗೆ ಹೋಗಿ, ತಮ್ಮ ಮಿಲಿಟರಿ ಇಂಗ್ಲಿಷಿನಲ್ಲಿ, ನೀನು ಟ್ರಾಕ್ಟರಿನವನಲ್ಲ, ಇದು ಬೇರೆ ಗ್ರೀಸು, ಏನು ಇಟ್ಟುಕೊಂಡಿದ್ದೀಯ ಹೇಳು ಅಂದರು. ಮುದುಕ ತಿನ್ನುವುದು ಬಿಟ್ಟು ನಕ್ಕ. ದ್ರಾಕ್ಷಿ ತೋಟಗಳ ನಡುವಿನ ಅವನ ಕೊಟ್ಟಿಗೆಯಲ್ಲಿ ಜರ್ಮನರ ಟೈಗರ್ ಟ್ಯಾಂಕು ಇತ್ತು. ಎರಡನೇ ಮಹಾಯುದ್ಧದ್ದು. ಯುರೋಪಿನ ಯಾವುದೋ ಜೌಗಿನಿಂದ ಎತ್ತಿದ ಒಡಲು, ಬೇರೆ ಬೇರೆ ಕಡೆಯಿಂದ ಕೂಡಿಸಿದ ಅವಯವ, ಸಿಗದಿದ್ದದ್ದನ್ನು ತಾನೇ ಕಡೆದು ಮಾಡಿದ್ದು. ಹದಿನೈದು ವರ್ಷದಿಂದ ಜೋಡಿಸುತ್ತಿದ್ದ. ಒಮ್ಮೆಯೂ ನಡೆದಿರಲಿಲ್ಲ.

“ಅಕ್ಟೋಬರಿನಾಗ ನನ್ನ ಟಿಕೆಟ್ ಅದ,” ಅಂದರು ಮಾವ ಕಾರಿನಲ್ಲಿ. ಕಣ್ಣು ಹೊಳೆಯುತ್ತಿತ್ತು. “ಅದರೊಳಗ ಅದನ್ನ ನಡಸಬೇಕು. ನಡದದ್ದು ನೋಡೇ ನಾ ವಿಮಾನ ಹತ್ತಾಂವ.”

“ದಿನಾ ಹೋಗಿ ಮಾವ, ನಾನೇ ಬಿಟ್ಟು ಬರ್ತೀನಿ,” ಅಂದೆ. ಅವರ ಸಂತೋಷಕ್ಕಲ್ಲ. ಹತ್ತು ಗಂಟೆಯಿಂದ ಐದು ಗಂಟೆಯವರೆಗೆ ಮನೆ ನನ್ನದಾಗುತ್ತದೆ ಅಂತ. ಆ ಟ್ಯಾಂಕು ಬೇಗ ರಿಪೇರಿಯಾಗದಿರಲಿ ಅಂತ ರಾಯರಿಗೆ ಹರಕೆಯನ್ನೂ ಹೊತ್ತೆ. ಅದನ್ನು ನಮ್ಮ ಮನೆಯವರಿಗೆ ಹೇಳಿ ಇಬ್ಬರೂ ನಕ್ಕೆವು.

ಬೇಸಿಗೆ ಪೂರ್ತಿ ಹೀಗೇ. ಗುಡ್ಡಗಳೆಲ್ಲ ಒಣಗಿ ಗೋಧಿ ಬಣ್ಣ. ಲಿವರ್‌ಮೋರಿನ ಬಿಸಿಲು ಡಬ್ಲಿನ್ನಿಗಿಂತ ಒಂದು ಕೈ ಹೆಚ್ಚು. ಆಗಸ್ಟಿನಲ್ಲಿ ಎಲ್ಲೋ ಕಾಡಿಗೆ ಬೆಂಕಿ ಬಿದ್ದು ಹತ್ತು ದಿನ ಸೂರ್ಯ ಕುಂಕುಮದ ಹಾಗೆ ಕಂಡ. ಆ ಹೊಗೆಯಲ್ಲೂ ಮಾವ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೋದರು. ರೊಟ್ಟಿಯ ಡಬ್ಬಿ ಕೊಟ್ಟು ಇಳಿಸಿ, ಮೊದಮೊದಲು ನಾನು ಕಾರಿನಿಂದಲೇ ತಿರುಗಿ ಬರುತ್ತಿದ್ದೆ. ಆಮೇಲೆ ಒಂದು ದಿನ ಒಳಗೆ ಹೋದೆ.

ದೊಡ್ಡದು ಅಂತ ಕೇಳಿದ್ದೆ, ಇಷ್ಟು ಅಂದುಕೊಂಡಿರಲಿಲ್ಲ. ಐವತ್ತೇಳು ಟನ್ನು. ಕೊಟ್ಟಿಗೆಯ ಒಳಗೆ ಇನ್ನೊಂದು ಕೊಟ್ಟಿಗೆ ಕಟ್ಟಿದ ಹಾಗಿತ್ತು. ಪಕ್ಕದಲ್ಲಿ ಚಕ್ರದ ಮೇಲೆ ಚಕ್ರ, ಚಕ್ರದ ನಡುವೆ ಚಕ್ರ, ಬೆರಳಿಗೆ ಬೆರಳು ಹೆಣೆದ ಹಾಗೆ. ಒಳಗಿನ ಒಂದು ಕೆಟ್ಟರೆ ಹೊರಗಿನ ಒಂಬತ್ತು ಬಿಚ್ಚಬೇಕಂತೆ.

“ಯಾವ ಹುಚ್ಚ ಮಾಡಿದ್ದು ಮಾವ ಇದನ್ನ? ನಾವು ಪಾತ್ರೆ ಜೋಡಿಸುವಾಗಲಾದರೂ ದಿನಾ ಬೇಕಾಗಿದ್ದನ್ನ ಮೇಲಿಡ್ತೀವಿ.”

ಮಾವ ನನ್ನ ಕಡೆ ತಿರುಗಿ ನೋಡಿದರು. ಅವರು ನನ್ನನ್ನು ನೋಡಿದ್ದು ಅದೇ ಮೊದಲು ಅನ್ನಿಸಿತು. “ಡೇಲಪ್ಪಾ,” ಅಂತ ಆ ಮುದುಕನನ್ನು ಕೂಗಿ, ನಾನು ಅಂದದ್ದನ್ನು ಇಂಗ್ಲಿಷಿನಲ್ಲಿ ಹೇಳಿದರು. ಡೇಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಯುದ್ಧದಲ್ಲಿ ಸೋತದ್ದಕ್ಕೆ ಇದೂ ಒಂದು ಕಾರಣ ಅಂದ. ಗಾಡಿ ಭಾರ, ಗೇರಿನ ಹಲ್ಲು ಉದುರುವುದು. ಚಳಿಯಲ್ಲಿ ಚಕ್ರಗಳ ನಡುವೆ ಕೆಸರು ಹೆಪ್ಪುಗಟ್ಟಿ ಬೆಳಗಾಗುವಷ್ಟರಲ್ಲಿ ಅಲ್ಲಾಡದ ಹಾಗೆ ನಿಂತುಬಿಡುವುದು. ಶತ್ರು ಹೊಡೆದು ಕೆಡವಿದ್ದರ ಜೊತೆಗೆ ಇವರೇ ಬಿಟ್ಟು ಓಡಿದ್ದೂ ಬಹಳ.

“ಒಳ್ಳೆಯವರ ಟ್ಯಾಂಕು ಯಾವುದೂ ಸಿಗಲಿಲ್ಲವಾ ನಿಮಗೆ?” ಅಂತ ಡೇಲ್‌ನನ್ನು ಕೇಳಿದೆ. ಕೇಳಬಾರದಿತ್ತೇನೋ. ಅವನು ನಗು ನಿಲ್ಲಿಸಿ, ನಮ್ಮ ಅಪ್ಪ ಅಮೆರಿಕದ ಟ್ಯಾಂಕಿನಲ್ಲಿದ್ದ, ಸಾಯುವವರೆಗೂ ಅವನು ಹೆದರಿದ್ದು ಇದೊಂದಕ್ಕೇ, ಇದರ ಒಂದೊಂದು ಬೋಲ್ಟೂ ಬಿಚ್ಚಿ ನೋಡಬೇಕು ಅನ್ನಿಸಿತು ಅಂದ.

ಅದರ ಫಿರಂಗಿ ಬೇರೆಯಾಗಿ, ಬಡಗಿಗಳು ಹಲಗೆ ಇಡುವ ನಾಲ್ಕು ಕಾಲಿನ ಮರದ ಕುದುರೆಗಳ ಮೇಲೆ ಮಲಗಿತ್ತು. ಎಂಬತ್ತೆಂಟು ಮಿಲಿಮೀಟರಿನ ಬಾಯಿ, ಹದಿನಾರು ಅಡಿ ಉದ್ದ. ಗುಂಡು ಹಾರದ ಹಾಗೆ ಒಳಗೆ ಕಬ್ಬಿಣ ತುಂಬಿ ಬೆಸೆದಿದ್ದರು. ಹಳೇ ಬಣ್ಣ ಕೆರೆಯುವ ಕೆಲಸ ಮಾವನದು. ಕೆರೆಯುತ್ತಾ ಕೆರೆಯುತ್ತಾ ಬಿಳೀ ಗೆರೆಗಳು ಎದ್ದಿದ್ದವು, ಕೊಳವೆಯ ಸುತ್ತ. ಏಳು.

“ಬಳೆ ಹಾಗಿದೆ,” ಅಂದೆ.

“ಬಳೀನ ಅವು,” ಅಂದರು ಮಾವ, ಅಷ್ಟೇ.

ಅವು ಏನು ಅಂತ ಗೊತ್ತಾದದ್ದು ಆ ವಾರ ಊಟದ ಹೊತ್ತಿಗೆ. ಅನಘಾ ನನ್ನ ಫೋನಿನಲ್ಲಿ ಆ ಫಿರಂಗಿಯ ಫೋಟೋ ನೋಡಿ, ಅಜ್ಜಾ, ವಾಟ್ ಆರ್ ದೋಸ್ ರಿಂಗ್ಸ್, ಅಂದಳು. ಅಪರೂಪಕ್ಕೆ ಅವಳಾಗಿ ಅಜ್ಜನನ್ನು ಮಾತಾಡಿಸಿದ್ದಳು, ನಾನು ಖುಷಿಪಟ್ಟೆ.

“ಒಂದು ಬಳಿ ಅಂದ್ರ ಅವರು ಹೊಡದ ಒಂದು ಟ್ಯಾಂಕು,” ಅಂದರು ಮಾವ ರೊಟ್ಟಿ ಮುರಿಯುತ್ತಾ. “ಒಂದರೊಳಗ ಐದು ಮಂದಿ. ಎರಡು ಕಿಲೋಮೀಟರ್ ದೂರದಿಂದ ಹೊಡೀತಿತ್ತು ಇದು. ಸತ್ತವರಿಗೆ ಯಾರು ಹೊಡದ್ರು ಅಂತನೂ ಗೊತ್ತಾಗತಿದ್ದಿಲ್ಲ. ಗುಂಡು ಒಳಗ ಹೊಕ್ಕಿತಂದ್ರ ಹೊರಗ ಬರೂದಿಲ್ಲ, ಒಳಗ ತಿರಗತದ. ಆಮ್ಯಾಲ ಬೆಂಕಿ. ಎಪ್ಪತ್ತೊಂದರಾಗ ನಮ್ಮ ಗಾಡಿ ಒಂದರಿಂದ ನಾ ಇಬ್ಬರನ್ನ ಹೊರಗ ತಗದೀನಿ. ಸಲಿಕೀಲೆ.”

“ಮಾವ, ಮಗು ಊಟ ಮಾಡ್ತಿದೆ.”

“ಕೇಳಿದ್ಲು, ಹೇಳಿದೆ. ಸುಳ್ಳು ಹೇಳಲೇನು?”

ಅನಘಾ ತಟ್ಟೆ ಬಿಟ್ಟು ಮೇಲೆ ಓಡಿದಳು. ಬಚ್ಚಲಲ್ಲಿ ವಾಂತಿ ಮಾಡುವುದು ಕೆಳಗಿನವರೆಗೂ ಕೇಳಿತು. ಮಾವ ತಟ್ಟೆ ಮುಂದಕ್ಕೆ ಚಾಚಿದರು. “ಎಣ್ಣಿಗಾಯಿ ಹಾಕು. ಇವತ್ತ ಛೊಲೊ ಆಗ್ಯದ.” ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನನ್ನ ಅಡುಗೆಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಹಾಕಿದೆ.

ಮಾರನೆಯ ಸಂಜೆ ದೀಪ ಹಚ್ಚಿ ಮೂವತ್ತೈದು ಸಲ ನಾಮ ಹೇಳಿದೆ. ಏಳು ಬಳೆ, ಬಳೆಗೆ ಐವರು. ಯಾವ ದೇಶದವರೋ, ಯಾವ ದೇವರಿಗೆ ಕೈ ಮುಗಿಯುತ್ತಿದ್ದವರೋ. ಒಂದೊಂದು ಬಳೆ ಇಲ್ಲಿ ಏರಿದಾಗ ಎಲ್ಲೋ ಐದು ಮನೆಯಲ್ಲಿ ಹೆಂಗಸರ ಕೈ ಬರಿದಾಯಿತಲ್ಲ ಅಂತ ನನಗೆ ಆ ಫಿರಂಗಿಯ ಮೇಲೆ ಅಸಹ್ಯವೇ ಬಂತು. ಅದು ತಿರುಗಿ ಎದ್ದು ನಡೆಯುವುದು ಶುಭವಲ್ಲ ಅನ್ನಿಸಿತು. ಅದಕ್ಕೇ ನಿಂಬೆಹಣ್ಣಿನ ಹಟ ಹಿಡಿದೆ.

ಸೆಪ್ಟೆಂಬರ್ ಹೊತ್ತಿಗೆ ಎಂಜಿನ್ನು ಉಸಿರಾಡಿತ್ತು. ಫಿರಂಗಿ ಏರಿಸಿದ್ದಾಯಿತು. ಕೊಟ್ಟಿಗೆಯ ಬಾಗಿಲು ದಾಟಲೆಂದು ಚಕ್ರಗಳನ್ನು ಸುತ್ತುವ ಅಗಲದ ಉಕ್ಕಿನ ಪಟ್ಟಿಯ ಬದಲು ಸಪೂರ ಪಟ್ಟಿ ಹಾಕಿದರು. ರೈಲಿನಲ್ಲಿ ಸಾಗಿಸುವಾಗ ಜರ್ಮನರು ಹಾಕುತ್ತಿದ್ದದ್ದಂತೆ ಅದು. ಈ ಗಾಡಿಗೆ ಎರಡು ಜೊತೆ ಚಪ್ಪಲಿ. ಮಾವನ ಟಿಕೆಟ್ಟು ಅಕ್ಟೋಬರ್ ಕೊನೆಗೆ. ಅವರೇ ದಿನ ಗೊತ್ತುಮಾಡಿದರು: ಆಯುಧಪೂಜೆ. ದೇವರ ಮೇಲಿನ ಭಕ್ತಿಯಿಂದಲ್ಲ, ಅವತ್ತು ಮಗನಿಗೆ ರಜ ಇತ್ತು. ಮೊದಲ ಸಲ ಡೇಲ್ ನಡೆಸುವುದು, ಎರಡನೇ ಸಲ ಮಾವ.

ಅವತ್ತು ಬೆಳಿಗ್ಗೆ ಹಿತ್ತಲಿನಿಂದ ನಾಲ್ಕು ಹಣ್ಣು ಕಿತ್ತು, ತೊಳೆದು, ಅರಿಶಿನ ಹಚ್ಚಿ ಕವರಿಗೆ ಹಾಕಿ ಕೊಟ್ಟೆ.

“ಇದಕ್ಕ ಪೂರಾ ಹಾಕಿದ್ರ ನಲವತ್ತೆಂಟು ಚಕ್ರ ಅವ. ನಲವತ್ತೆಂಟು ಹಣ್ಣು ಕೊಡತೀ ಏನು?”

“ಮುಂದೆ ಎರಡು, ಹಿಂದೆ ಎರಡು ಸಾಕು ಮಾವ. ಅಂಚಿಗಿಡಬೇಡಿ, ಸರಿಯಾಗಿ ಪಟ್ಟಿಯ ಕೆಳಗಿಡಿ. ನಾಲ್ಕೂ ಒಡೀಬೇಕು.”

“ಐವತ್ತೇಳು ಟನ್ನಿಗೆ ನಿನ್ನ ನಿಂಬಿಹಣ್ಣು ರಕ್ಷಾ ಮಾಡತದ?”

“ಅದಕ್ಕಲ್ಲ, ನಿಮಗೆ,” ಅಂದೆ. “ಇಡ್ತೀನಿ ಅಂತ ಮಾತು ಕೊಡಿ.”

“ಆತವಾ. ಇಡತೀನಿ.” ಕವರು ಇಸಿದುಕೊಂಡು ಕೋಟಿನ ಜೇಬಿಗೆ ತುರುಕಿದರು. “ನಿಂಬಿಹಣ್ಣಿನ ಸರಕಾರ ಇದು,” ಅಂತ ಮಗನಿಗೆ ಹೇಳುತ್ತಾ ಕಾರು ಹತ್ತಿದರು. ನಾನು ಅಡುಗೆ ಮುಗಿಸಿ ಮಧ್ಯಾಹ್ನ ಹೋಳಿಗೆ ತೆಗೆದುಕೊಂಡು ಬರುವುದು ಅಂತ ಮಾತಾಗಿತ್ತು.

ನಡೆದದ್ದು ಇಷ್ಟು. ಟ್ಯಾಂಕಿನ ಒಳಗೆ ಕೂತು ನಡೆಸುವವನಿಗೆ ಒಂದು ಸೀಳಿನಿಂದ ಎದುರಿನದು ಮಾತ್ರ ಕಾಣುತ್ತದೆ, ಪಕ್ಕ ಕಾಣದು, ಎಂಜಿನ್ನಿನ ಸದ್ದಿಗೆ ಕೂಗಿದ್ದು ಕೇಳದು. ಅದಕ್ಕೆ ಎದುರಿಗೆ ದೂರದಲ್ಲಿ ಒಬ್ಬರು ನಿಂತು ಕೈಸನ್ನೆ ಮಾಡಬೇಕು. ನಮ್ಮ ಮನೆಯವರನ್ನು ನಿಲ್ಲಿಸಿದರು. “ಕೈ ಕೆಳಗಿದ್ರ ನಿಲ್ಲೂದು, ಮ್ಯಾಲೆತ್ತಿದ್ರ ಬರೂದು. ನಾ ದೂರ ಸರದ ಮ್ಯಾಲೇ ಎತ್ತಬೇಕು,” ಅಂತ ಮಾವ ಮೂರು ಸಲ ಹೇಳಿಕೊಟ್ಟರಂತೆ. ಎಂಜಿನ್ನು ಶುರುವಾಯಿತು. ಮಾವ ಹಿಂದೆ ಎರಡು ಇಟ್ಟರು, ಮುಂದೆ ಎರಡು ಇಟ್ಟರು, ಎದ್ದು ಬದಿಗೆ ಬಂದರು. ಕೊಟ್ಟಿಗೆಯ ಮುಂದಿನ ಕಾಂಕ್ರೀಟು ನೀರು ಹರಿಯಲೆಂದು ಸ್ವಲ್ಪ ಇಳಿಜಾರು. ಗಾಡಿಯ ನಡುಕಕ್ಕೆ ಒಂದು ಹಣ್ಣು ಉರುಳಿ ಹೊರಗೆ ಬಂತು. ಮಾವ ಬಗ್ಗಿ ಅದನ್ನೆತ್ತಿ, ಪಟ್ಟಿ ನೆಲ ಮುಟ್ಟುವ ಜಾಗ ಒಳಗೆ ಇರುವುದರಿಂದ, ಮೊಣಕೈವರೆಗೆ ಕೈ ಚಾಚಿ ಇಡಲು ಹೋದರು. ಆಗ ಗಾಡಿ ಬಂತು. ಒಂದು ಗೇಣು ಬಂದು ನಿಂತಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಮನೆಯವರು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. “ನಿನ್ನ ನಿಂಬೆಹಣ್ಣು,” ಅಂದರು. ಅನಘಾ ಪಕ್ಕದಲ್ಲೇ ಇದ್ದಳು.

ಡಾಕ್ಟರು ಮೂರು ಬೆರಳು ತೆಗೆದರು, ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಹೆಬ್ಬೆರಳು ಉಳಿಯಿತು, ಒಂದು. ಕಿರುಬೆರಳು ಉಳಿಯಿತು, ಎರಡು. ಅಗಲದ ಪಟ್ಟಿ ಹಾಕಿದ್ದರೆ ಮೊಣಕೈವರೆಗೆ ಹೋಗುತ್ತಿತ್ತು ಅಂತ ಡೇಲ್ ಅಂದ, ಮೂರು. ಹೀಗೆ ಕುರ್ಚಿಯಲ್ಲಿ ಕೂತು ನನ್ನ ಹಾಳು ಅಭ್ಯಾಸಕ್ಕೆ ಎಣಿಸುತ್ತಿದ್ದೆ. ಎಚ್ಚರವಾದ ಮಾವ ನನ್ನ ಹೆಬ್ಬೆರಳು ಗೆರೆಗಳ ಮೇಲೆ ಓಡುವುದನ್ನೇ ನೋಡಿದರು. ಬ್ಯಾಂಡೇಜಿನ ಕೈ ಎತ್ತಿ ತೋರಿಸಿ, “ನನಗ ಎಣಸೂ ಕೆಲಸ ಕಡಿಮಿ ಆತು,” ಅಂದರು.

ಡೇಲ್ ಅಳುವುದನ್ನು ನಿಲ್ಲಿಸಲಿಲ್ಲ. ಮಾವ ಅವನಿಗೆ ಬೈದರು. ತಪ್ಪು ನನ್ನದು, ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಎಂಜಿನ್ನು ಓಡುವಾಗ ಕೆಳಗೆ ಕೈ ಹಾಕಬೇಡಿ ಅಂತ. ನೀನು ಹೋಗಿ ಎಡಗಡೆಯ ಬೇರಿಂಗು ನೋಡು, ಅದು ಸದ್ದು ಮಾಡುತ್ತಿತ್ತು ಅಂದರು. ಯಾರು ಬಂದು ಕೇಳಿದರೂ ಅದೇ ಉತ್ತರ, ತಪ್ಪು ನನ್ನದು.

ಮನೆಗೆ ಕರೆತಂದ ಮೇಲೆ ಡಾಕ್ಟರ ಸಲುವಾಗಿ ಟಿಕೆಟ್ಟು ಮೂರು ವಾರ ಮುಂದಕ್ಕೆ ಹಾಕಿದೆವು. ಆ ದಿನಗಳದ್ದು ಒಂದು ಸಂಗತಿ ಬರೆಯಲೇಬೇಕು, ಬಿಟ್ಟರೆ ಉಳಿದದ್ದು ಬರೆದೂ ದಂಡ. ಮಾವ ಎಡಗೈಯಲ್ಲಿ ತಿನ್ನುವವರಲ್ಲ. ಚಮಚ ಮುಟ್ಟುವವರಲ್ಲ. ನಮ್ಮ ಮನೆಯವರು ಕೆಲಸಕ್ಕೆ ಹೋಗುವ ಮೊದಲು, ಬಂದ ಮೇಲೆ ತಿನ್ನಿಸುತ್ತಿದ್ದರು. ಮಧ್ಯಾಹ್ನದ್ದು ನನ್ನ ಪಾಲು. ಮೊದಲ ದಿನ ರೊಟ್ಟಿ, ಪಲ್ಯ ಹಾಕಿ ಎದುರಿಗಿಟ್ಟೆ. ತಿನ್ನಿಸಲು ಕೈ ಮುಂದೆ ಮಾಡಲಿಲ್ಲ. ಕೇಳಲಿ ಅಂತ ಕೂತೆ. ‘ಹಪ್ಪಳ’ ಅಂದ ಬಾಯಿ ಒಮ್ಮೆ ಕೇಳಲಿ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಕಿಟಕಿಯಾಚೆ ನೋಡಿದರು. ಪಲ್ಯ ಆರಿತು. ಅರ್ಧ ಗಂಟೆ ಬಿಟ್ಟು ತಟ್ಟೆ ಎತ್ತಿಕೊಂಡು ಹೋಗಿ ತೊಳೆದೆ. ಎರಡನೇ ದಿನವೂ ಹಾಗೇ. ಅವತ್ತು ಬೆಳಿಗ್ಗೆಯೂ ಪೂಜೆ ಮಾಡಿದ್ದೆ ನಾನು, ತುಳಸಿಗೆ ನೀರು ಹಾಕಿದ್ದೆ.

ಮೂರನೇ ದಿನ ಶಾಲೆಗೆ ಅರ್ಧ ದಿನ. ಅನಘಾ ಬೇಗ ಬಂದಳು. ಬ್ಯಾಗು ಇಳಿಸದೆ ನಿಂತು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಮಕ್ಕಳಿಗೆ ಎಷ್ಟು ಬೇಗ ತಿಳಿಯುತ್ತದೆ. ಕೈ ತೊಳೆದು ಬಂದು, ರೊಟ್ಟಿ ಮುರಿದು, ಪಲ್ಯ ಅದ್ದಿ, ಅಜ್ಜನ ಬಾಯಿಯ ಹತ್ತಿರ ಹಿಡಿದು “ಓಪನ್” ಅಂದಳು. ಸುಬೇದಾರರು ಆರ್ಡರ್ ಕೇಳಿದ ಸಿಪಾಯಿಯ ಹಾಗೆ ಬಾಯಿ ತೆರೆದರು. ತಟ್ಟೆ ಖಾಲಿಯಾಗುವವರೆಗೂ ತಿನ್ನಿಸಿದಳು. ಆಮೇಲೆ ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ದಟ್ ವಾಸ್ ಮೀನ್, ಅಮ್ಮಾ,” ಅಂದಳು. ಕೆಟ್ಟದ್ದು ಮಾಡಿದೆ ನೀನು ಅಂತ. ಮಾರನೆಯ ದಿನದಿಂದ ನಾನೇ ತಿನ್ನಿಸಿದೆ.

ಹಾಗೆ ತಿನ್ನಿಸುವಾಗ ಒಂದು ದಿನ ಕೇಳಿದೆ. “ನೀವು ನಂಬೋದಿಲ್ಲ ಮಾವ. ಉರುಳಿ ಹೋದರೆ ಹೋಗಲಿ ಅಂತ ಬಿಡಬಹುದಿತ್ತಲ್ಲ? ಯಾಕೆ ಮತ್ತೆ ಇಡೋಕೆ ಹೋದಿರಿ?”

ಅಗಿದು ನುಂಗಿ ಹೇಳಿದರು: “ಸಂಜಿಗೆ ನೀ ಕೇಳತಿದ್ದಿ, ನಾಲ್ಕೂ ಒಡದವೇನು ಅಂತ. ನನಗ ಸುಳ್ಳು ಹೇಳಲಿಕ್ಕೆ ಬರೂದಿಲ್ಲ.”

ಇನ್ನೊಂದು ಮುರಿದು ಕೊಟ್ಟೆ.

ಆ ವಾರದಲ್ಲೇ ನಾದಿನಿಗೆ ಆಸ್ಪತ್ರೆಯ ಕಾಗದದ ಫೋಟೋ ಕಳಿಸಲು ನಮ್ಮ ಮನೆಯವರ ಫೋನು ತೆಗೆದೆ. ಅದರಲ್ಲಿ ಆ ದಿನದ ವಿಡಿಯೋ ಇತ್ತು. ಟ್ಯಾಂಕನ್ನು ಎದುರಿನಿಂದ ತೆಗೆದದ್ದು. ಎಡಗಡೆ ಮಾವ ಬಗ್ಗಿದ್ದಾರೆ, ಬೆನ್ನು ಕಾಣುತ್ತದೆ. ಆಮೇಲೆ ಚಿತ್ರ ಮೇಲಕ್ಕೆ ಹೋಗುತ್ತದೆ, ಮೇಲಕ್ಕೆ, ಫಿರಂಗಿ ಪೂರ್ತಿ ಬರಲಿ ಅಂತ. ಏಳು ಬಳೆ, ಫಿರಂಗಿಯ ಬಾಯಿ, ಆಕಾಶ. ಕೂ ಅಂತ ಒಂದು ಕೂಗು. ಫೋನು ನೆಲಕ್ಕೆ ಬಿದ್ದು ಬರೀ ಆಕಾಶ. ನಡುವೆ ಮಗನನ್ನು ಕರೆಯುವ ಮಾವನ ದನಿ, ವರ್ಕ್‌ಶಾಪಿನ ದನಿ: “ಶ್ರೀಧರಾ, ಅಳಬ್ಯಾಡ. ಎದುರಿಗೆ ಹೋಗಿ ನಿಲ್ಲು. ಹಿಂದಕ್ಕ ತಗೋ ಅಂತ ಅಂವಗ ಕೈ ಮಾಡು. ಸಾವಕಾಶ. ಸಾವಕಾಶ.” ತಮ್ಮ ಕೈ ಅದರ ಕೆಳಗಿರುವಾಗ, ಅದು ಅದೇ ಬೆರಳುಗಳ ಮೇಲೆ ಹಿಂದಕ್ಕೆ ಹೋಗಬೇಕಾಗಿರುವಾಗ.

ಎರಡನೇ ಸಲ ನೋಡಿದಾಗ ಅರ್ಥವಾಯಿತು. ಫೋನು ಮೇಲಕ್ಕೆ ಹೋಯಿತೆಂದರೆ ಕೈ ಮೇಲಕ್ಕೆ ಹೋಯಿತು. ಡೇಲ್‌ಗೆ ಸೀಳಿನಿಂದ ಕಂಡದ್ದು ಎತ್ತಿದ ಕೈ.

ಸಂಜೆ ನಮ್ಮ ಮನೆಯವರು ಬಂದು ಶೂ ಬಿಚ್ಚುತ್ತಿದ್ದರು. ಫೋನು ಅವರ ಮುಂದೆ ಹಿಡಿದೆ. “ನಿಂಬೆಹಣ್ಣು ನನ್ನದು,” ಅಂದೆ, “ಕೈ ಯಾರದ್ದು?” ಅವರ ಮುಖ ಕುಸಿದುಹೋಯಿತು. ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು. ನನಗೆ ಸಂತೋಷವಾಯಿತು ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಎರಡು ವಾರ ಹೊತ್ತಿದ್ದ ಭಾರ ಇನ್ನೊಬ್ಬರ ತಲೆಗೆ ದಾಟಿಸಿದ ಸಂತೋಷ.

ಪಕ್ಕದ ರೂಮಿನಿಂದ ಮಾವ ಕರೆದರು. ಹೋದೆ.

“ಅವಗ ಯಾಕ ಹೇಳಿದಿ?”

“ನಿಮಗೆ ಗೊತ್ತಿತ್ತಾ ಮಾವ?”

“ನಾ ಬಗ್ಗಿದಾಗ ಗಾಡಿ ಯಾಕ ಬಂತು ಅಂತ ನನಗ ಗೊತ್ತಾಗೂದಿಲ್ಲೇನು? ನನಗ ಇರಾಂವ ಅಂವ ಒಬ್ಬನ ಮಗ. ನಿಂಬಿಹಣ್ಣಿಂದು ನಿನ್ನ ತಲಿಮ್ಯಾಲ ಇತ್ತು. ಇಟಗೊಂಡು ಸುಮ್ಮನ ಕೂಡಬೇಕಿತ್ತು ನೀ. ನಿನ್ನ ಕಡಿಂದ ಆಗತಿತ್ತು. ಅವನ ಕಡಿಂದ ಆಗೂದಿಲ್ಲ.”

ಇದನ್ನು ಬೈಗುಳ ಅನ್ನಲೋ, ಏನನ್ನಲೋ ಈವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯವರು ಅವತ್ತಿನಿಂದ ಯಾರಿಗೂ ಕೈ ಬೀಸುವುದಿಲ್ಲ. ಶಾಲೆಯ ಗೇಟಿನಲ್ಲಿ ಮಗಳು ಕೈ ಬೀಸಿದರೆ ತಲೆಯಾಡಿಸುತ್ತಾರೆ. ಅದನ್ನು ನಾನು ಮಾತ್ರ ಗಮನಿಸಿದ್ದೇನೆ.

ವಿಮಾನದ ದಿನ ಮಾವ ಅಡುಗೆಮನೆಗೆ ಬಂದು ಆ ನಿಂಬೆಹಣ್ಣಿನ ಉಪ್ಪಿನಕಾಯಿ ಜಾಡಿ ಕೇಳಿದರು. ಅರ್ಧಕ್ಕೆ ಬಿಟ್ಟದ್ದನ್ನು ನಾನು ಆಮೇಲೆ ಪೂರ್ತಿ ಮಾಡಿದ್ದೆ. ದೇವರ ಹಬ್ಬದ ದಿನ ಉಪ್ಪಿಗೆ ಹಾಕಿದ್ದನ್ನು ಬಿಸಾಡಲು ಮನಸ್ಸಾಗಿರಲಿಲ್ಲ. ತಿನ್ನಲೂ ಆಗಿರಲಿಲ್ಲ. “ಕಟ್ಟಿಕೊಡು,” ಅಂದರು. “ಮೂರು ಬೆರಳು ಕೊಟ್ಟೀನಿ, ಉಪ್ಪಿನಕಾಯಿನರ ತಿಂತೀನಿ.” ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟೆ. ಅನಘಾಳ ತಲೆಯ ಮೇಲೆ ಎರಡು ಬೆರಳಿನ ಕೈ ಇಟ್ಟು “ಬರತೀನಿ ಮೂಗಿ” ಅಂದರು. ಅವಳು “ಹೋಗಿ ಬನ್ನಿ ಅಜ್ಜ” ಅಂದಳು, ಕನ್ನಡದಲ್ಲಿ.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ನಮಗೆ ಫೋನು ಬರುತ್ತದೆ. ನಮಸ್ಕಾರ, ಊಟ ಆಯಿತಾ, ಏನೂ ಇಲ್ಲ. ಮೊದಲ ಮಾತೇ “ನಡೀತೇನು?” ನೂರೈವತ್ತು ಭಾನುವಾರ ಇದ್ದಾವು. “ಇನ್ನೂ ಇಲ್ಲ ಮಾವ, ಬೇರಿಂಗು ನೋಡ್ತಿದಾರಂತೆ,” ಅನ್ನುತ್ತಿದ್ದೆ. ಡೇಲ್ ಕ್ಯಾಂಟೀನಿಗೆ ಬರುವುದನ್ನು ನಿಲ್ಲಿಸಿದ್ದ. ನಾನೂ ಆ ಕಡೆ ಹೋಗಿರಲಿಲ್ಲ.

ಮೊನ್ನೆ ಹೋದೆ. ಕೊಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಏನೂ ಇಲ್ಲ. ಎಣ್ಣೆಯ ಕಲೆ, ಫಿರಂಗಿ ಮಲಗಿದ್ದ ಎರಡು ಮರದ ಕುದುರೆ, ಗಾಳಿಯಲ್ಲಿ ಇನ್ನೂ ಪೆಟ್ರೋಲಿನ ವಾಸನೆ. ಡೇಲ್ ಮನೆಯಿಂದ ಹೊರಗೆ ಬಂದ, ಸೊರಗಿ ಅರ್ಧಕ್ಕೆ ಇಳಿದುಹೋಗಿದ್ದಾನೆ. ಆ ದಿನದ ಮೇಲೆ ಕೀಲಿ ಮುಟ್ಟಲಿಲ್ಲ ಅಂದ. ಹೋದ ತಿಂಗಳು ಬಿಡಿ ಬಿಡಿಯಾಗಿ ಮಾರಿದನಂತೆ. ಚಕ್ರ ಒಬ್ಬನಿಗೆ, ಎಂಜಿನ್ನು ಒಬ್ಬನಿಗೆ, ಬಳೆಗಳ ಸಮೇತ ಫಿರಂಗಿ ಇನ್ಯಾರಿಗೋ. ಆ ಒಂದು ಗೇಣು ನಡೆದದ್ದೇ ಅದು ಇಲ್ಲಿ ನಡೆದದ್ದು.

ನಿನ್ನೆ ಭಾನುವಾರ. ಹಾಲು ಕಾಯಿಸಿ ಆರಲಿಟ್ಟಿದ್ದೆ. ಫೋನು ಬಂತು. ಮಾವನ ದನಿ ಈಗ ತೆಳ್ಳಗಾಗಿದೆ, ಎದೆಯಲ್ಲಿ ಏನೋ ತೊಂದರೆ ಅಂತ ನಾದಿನಿ ಹೇಳಿದ್ದಳು, ದಿನಗಳ ಮಾತು ಅಂತಲೂ.

“ನಡೀತೇನು?”

“ನಡೀತು ಮಾವ,” ಅಂದೆ.

“ನಿಂಬಿಹಣ್ಣು?”

“ನಾಲ್ಕಿಟ್ಟೆ. ನಾಲ್ಕೂ ಒಡೆದವು.”

“ಎದುರಿಗೆ ಯಾರು ನಿಂತಿದ್ರು?”

“ನಾನು.”

“ಕೈ?”

“ಕೆಳಗಿತ್ತು ಮಾವ. ಎಲ್ಲರೂ ದೂರ ಸರಿದ ಮೇಲೆ ಎತ್ತಿದೆ.”

“ಹೂಂ,” ಅಂದರು. “ಛೊಲೊ ಆತು. ಶ್ರೀಧರ ಹೇಳಿದ್ರ ನಾ ನಂಬತಿದ್ದಿಲ್ಲ. ನೀ ಸುಳ್ಳು ಹೇಳೂಕಿ ಅಲ್ಲ.”

ಫೋನು ಇಟ್ಟು ಒಲೆಯ ಹತ್ತಿರ ಬಂದೆ. ಹಾಲಿಗೆ ತೋರುಬೆರಳು ಅದ್ದಿ ನೋಡಿದೆ. ಉಗುರು ಬೆಚ್ಚಗಿತ್ತು. ಒಂದು ಚಮಚ ಹೆಪ್ಪು ಹಾಕಿ, ಕದಡಿ, ತಟ್ಟೆ ಮುಚ್ಚಿದೆ.